ಹದಿನೇಳನೆಯ ಮರದ ಎಲೆ

ಫೆಬ್ರವರಿ 3, ಸೋಮವಾರ

ಮರಗಳಿಗೂ ವಂಶಾವಳಿ ಇದೆ ಎಂದು ಈ ಲೋಕಕ್ಕೆ ಮೊದಲು ತಿಳಿಸಿದವನು ನಾನು. ಆಗ ನಾನು ನಾಲ್ಕನೇ ಕ್ಲಾಸು. ಮೇಷ್ಟ್ರು ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸಿದರು. ಅವತ್ತು ಅವರು ನನ್ನ ಕಿವಿ ಬಿಟ್ಟು ಮಾತನ್ನು ಹಿಡಿದಿದ್ದರೆ ವಿಜ್ಞಾನ ಇಷ್ಟು ತಡವಾಗಿ ಕಣ್ಣು ಬಿಡುತ್ತಿರಲಿಲ್ಲ.

ಈಗ ಅದೇ ಮಾತನ್ನು ನನ್ನ ತಮ್ಮನ ಮಗಳು ಸಂಬಳ ತೆಗೆದುಕೊಂಡು ಹೇಳುತ್ತಾಳೆ. ಎಲೆ ಅರೆದು, ಅದರ ರಸದಲ್ಲಿ ಮರದ ಅಪ್ಪ ಅಜ್ಜಂದಿರನ್ನು ಹುಡುಕುವುದು ಅವಳ ಕಸುಬು. ನಿನ್ನೆ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ, ಮರ ಹತ್ತುವವರು ಯಾರೂ ಸಿಗುತ್ತಿಲ್ಲ ದೊಡ್ಡಪ್ಪ ಎಂದಳು. ಅವಳಿಗೆ ಬೇಕಾದ ಎಳೆ ಎಲೆ ತುದಿಯಲ್ಲಷ್ಟೇ ಇರುತ್ತದಂತೆ. ನಲವತ್ತು ಮರ. ನಾನಿರುವಾಗ ಯಾರನ್ನು ಹುಡುಕುತ್ತೀಯ ಎಂದೆ. ನಾನು ಹತ್ತದ ಮರ ಇನ್ನೂ ಮೊಳಕೆ ಒಡೆದಿಲ್ಲ ಎಂದೂ ಸೇರಿಸಿದೆ. ಮನೆಯವಳು ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಿಂದ ನಿಲ್ಲಿಸಿ ನನ್ನ ಮೊಣಕಾಲುಗಳನ್ನು ನೋಡಿದಳು. ಮುಖ ನೋಡಲಿಲ್ಲ.

ಒಪ್ಪಿಕೊಂಡ ಮೇಲೆ ಕೇಳಿದೆ, ಯಾವ ಕಾಡು ಎಂದು. ಬಿಳಿತೊಗಟೆ ಮರ ಇರುವುದು ಎರಡೇ ಕಡೆ. ಗುಡ್ಡದ ನೆತ್ತಿಯಲ್ಲಿ ಮೇಲಿನ ಕಾಡು, ಜಲಾಶಯದ ಪಕ್ಕದ ತಗ್ಗಿನಲ್ಲಿ ಕೆಳಗಿನ ಕಾಡು. ಮೇಲಿನದರ ಎಲೆ ಹೋದ ವರ್ಷವೇ ಬೇರೆಯವರು ಕಿತ್ತು ಮುಗಿಸಿದ್ದಾರಂತೆ. ಉಳಿದಿರುವುದು ಕೆಳಗಿನದು.

ಹೂಂ ಎಂದ ಮೇಲೆ ಊಹೂಂ ಎನ್ನುವ ವಂಶ ನಮ್ಮದಲ್ಲ.

ಅವಳ ಅಪ್ಪ ಬಿದ್ದು ಹೋದದ್ದು ಆ ಕಾಡಿನಲ್ಲೇ. ಅವಳಿಗೆ ಆಗ ಹಲ್ಲು ಕೂಡ ಬಂದಿರಲಿಲ್ಲ. ಹಗ್ಗ ಹರಿಯಿತು ಎಂದು ಎಲ್ಲರಿಗೂ ಗೊತ್ತು. ನಾನೇ ಹೇಳಿದ್ದು. ಆ ವಿಷಯ ಇಲ್ಲಿ ಬೇಡ. ನಾನಂತೂ ಬಿದ್ದವನಲ್ಲ, ಸೋತವನೂ ಅಲ್ಲ. ಜೀವಮಾನದಲ್ಲಿ ಸೋತದ್ದು ಒಂದೇ ಒಂದು ಪಂದ್ಯ. ಅದರಲ್ಲಿ ಒಂದು ಮನೆ ಕಟ್ಟಿಸುವಷ್ಟು ಹಣ ಹೋಯಿತು. ಅಷ್ಟು ಹಣ ಕಳೆದುಕೊಂಡೂ ನಗುತ್ತಿರುವವನು ಈ ಸುತ್ತಿನಲ್ಲಿ ಇನ್ನೊಬ್ಬನಿಲ್ಲ.

ಫೆಬ್ರವರಿ 7, ಶುಕ್ರವಾರ

ಇಂದು ಏಳು ಮರ. ಕೊನೆಯದರ ಮೇಲಿಂದ ಜಲಾಶಯ ಪೂರ್ತಿ ಕಾಣುತ್ತಿತ್ತು. ಮೊಣಕಾಲು ಗೊಣಗಿತು, ನಾನು ಕಿವಿಗೊಡಲಿಲ್ಲ.

ತಮ್ಮನ ಮಗಳು ಎಂದರೆ ನನಗೂ ಮಗಳೇ. ಮಗಳು ಮರಮರಕ್ಕೂ ತಗಡಿನ ಬಿಲ್ಲೆ ಕಟ್ಟಿಟ್ಟಿದ್ದಾಳೆ, ಒಂದರಿಂದ ನಲವತ್ತರವರೆಗೆ. ಕೆಳಗಿಳಿಸಿದ ಎಲೆಯನ್ನು ಪುಟ್ಟ ಪೊಟ್ಟಣಕ್ಕೆ ಹಾಕಿ, ಮೇಲೆ ಮರದ ನಂಬರು ಬರೆಯುತ್ತಾಳೆ. ಪೊಟ್ಟಣದ ಒಳಗೆ ನೀಲಿ ಹರಳುಗಳಿವೆ, ನೀರು ಹೀರುವಂಥವು. ಅವು ನಸುಗೆಂಪಾದರೆ ತೇವ ಹೊಕ್ಕಿದೆ ಎಂದರ್ಥ. ಒಂದು ಹರಳನ್ನು ಸಕ್ಕರೆ ಮಿಠಾಯಿ ಎಂದು ಹೇಳಿ ಚಹಾ ಅಂಗಡಿಯವನಿಗೆ ಕೊಡಬೇಕೆಂದಿದ್ದೆ. ವಿಷ ಎಂದಳು. ಬಿಟ್ಟೆ.

ಅವಳಿಗೆ ನಮ್ಮ ಕಸುಬಿನ ಕಟ್ಟಳೆ ಕಲಿಸಿದೆ. ಹತ್ತುವವನು ನೆಲ ಬಿಡುವ ಮೊದಲು ಒಂದು ಸಿಳ್ಳೆ ಹಾಕಬೇಕು. ಕೆಳಗೆ ನಿಂತವನು ಅವನ ಸೊಂಟದ ಗಂಟನ್ನು ನೋಡಿ, ಮುಟ್ಟಿ, ಆಮೇಲೆ ಒಂದು ಸಿಳ್ಳೆಯಲ್ಲಿ ಉತ್ತರ ಕೊಡಬೇಕು. ಉತ್ತರ ಬಾರದೆ ಹತ್ತಬಾರದು. ಇಳಿಯುವಾಗ ಎರಡು.

ನಾನು ಹಾಕಿದೆ. ಅವಳು ಉತ್ತರ ಕೊಟ್ಟಳು.

ತಗ್ಗಿನಲ್ಲಿ ಶುರುವಾಗಿ ಕೊನೆಗೆ ಚೂರು ಮೇಲಕ್ಕೆ ಬಾಗುವ ಸಿಳ್ಳೆ. ಯಾರು ಕಲಿಸಿದರು ಎಂದು ಕೇಳಿದೆ. "ಯಾರೂ ಕಲಿಸಿಲ್ಲ ದೊಡ್ಡಪ್ಪ, ಬಾಯಿಗೆ ಬಂತು," ಎಂದಳು.

ಆ ಬಾಗು ಒಬ್ಬನಿಗೆ ಮಾತ್ರ ಬರುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಈ ಎಲೆಗಳ ಹಿಂದಿನ ಕಥೆ ಹೇಳಿದಳು. ಪಟ್ಟಣಕ್ಕೆ ನೀರು ಸಾಲದು, ಜಲಾಶಯದ ಏರಿ ಎತ್ತರಿಸುತ್ತಾರೆ. ಆಗ ಈ ತಗ್ಗು ಮುಳುಗುತ್ತದೆ. ಎರಡೂ ಕಾಡಿನ ಮರಗಳು ಒಳಗಿನಿಂದ ಒಂದೇ ಎಂದಾದರೆ ನೀರಿನ ಇಲಾಖೆಯವರು ಈ ಕಾಡನ್ನು ಮುಳುಗಿಸಬಹುದು, ಮೇಲಿನದು ಇದೆಯಲ್ಲ. ಬೇರೆ ಬೇರೆ ಎಂದಾದರೆ ಏರಿಯನ್ನು ಆಚೆ ಬದಿಯ ಕಲ್ಲುನೆಲಕ್ಕೆ ಸರಿಸಬೇಕು. ಅದನ್ನು ನಿರ್ಧರಿಸುವುದು ಒಂದು ಸಂಖ್ಯೆ. ಎರಡು ಕಾಡಿನ ಮರಗಳ ನಡುವೆ ಒಳಗಿನಿಂದ ಎಷ್ಟು ವ್ಯತ್ಯಾಸ ಎಂದು ಎಲೆಗಳಿಂದ ಲೆಕ್ಕ ಕಟ್ಟಿ ತೆಗೆಯುವ ಸಂಖ್ಯೆ. ನೂರಕ್ಕೆ ಐದಕ್ಕಿಂತ ಕಡಿಮೆ ಬಂದರೆ ಒಂದೇ ಎಂದು ಇಲಾಖೆಯ ನಿಯಮ. ಏಪ್ರಿಲ್ ಹತ್ತರೊಳಗೆ ಅವಳು ಅದನ್ನು ಕೊಡಬೇಕು.

ಒಂದೇ ಆಗಿರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಪಟ್ಟಣದವರಿಗೆ ನೀರು ಬೇಕಲ್ಲ, ಪಾಪ.

ಫೆಬ್ರವರಿ 13, ಗುರುವಾರ

ಇವತ್ತು ಅವಳಿಗೆ ಪ್ರಯೋಗಾಲಯದಲ್ಲಿ ಕೆಲಸ. ನಾನಿಲ್ಲದೆ ಹತ್ತಬೇಡಿ ಎಂದು ಮೂರು ಸಲ ಹೇಳಿ ಹೋಗಿದ್ದಳು. ಹೇಳಿದ್ದನ್ನು ಕೇಳುವವನಾಗಿದ್ದರೆ ನಾನು ಇಷ್ಟು ದೊಡ್ಡವನಾಗುತ್ತಿರಲಿಲ್ಲ.

ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು ಮುಗಿಸಿದೆ. ಐದು ಮರದ ಎಲೆ, ನಾಲ್ಕು ಸಲ ಹತ್ತಿದ್ದು. ಇದಕ್ಕೇ ಬುದ್ಧಿ ಎನ್ನುವುದು. ಹದಿನಾರು ಹದಿನೇಳು ಅಕ್ಕಪಕ್ಕದ ಮರಗಳು, ಕೊಂಬೆಗೆ ಕೊಂಬೆ ತಾಗುತ್ತದೆ. ಹದಿನಾರರ ಮೇಲೆ ಕುಳಿತು ಎರಡು ಹಿಡಿ ಕಿತ್ತು, ಎರಡು ಪೊಟ್ಟಣಕ್ಕೆ ಹಾಕಿದೆ. ಎಲೆ ತಾನೇ. ಯಾರು ಗುರುತು ಹಿಡಿಯುತ್ತಾರೆ.

ಹದಿನೇಳರ ಬುಡಕ್ಕೂ ಹೋಗಲಿಲ್ಲ. ಹೋಗುವ ಅಗತ್ಯ ಬೀಳಲಿಲ್ಲ. ಅದರ ತಗಡಿನ ಬಿಲ್ಲೆ ತೊಗಟೆಗೆ ಬಡಿದು ಟಿಕ್ ಟಿಕ್ ಎನ್ನುತ್ತಿತ್ತು. ಗಾಳಿ ಇರಲಿಲ್ಲ. ಅಳಿಲು ಇರಬೇಕು.

ಇನ್ನೊಂದು. ಹದಿನಾರನ್ನು ಹತ್ತುವ ಮೊದಲು ಅಭ್ಯಾಸಬಲದಿಂದ ಸಿಳ್ಳೆ ಹಾಕಿದೆ. ಕೆಳಗೆ ಯಾರೂ ಇಲ್ಲವೆಂದು ಮರೆತೇಹೋಗಿತ್ತು. ಉತ್ತರ ಬಂತು. ಕೊನೆಗೆ ಬಾಗಿತು.

ಕೇಳಿದ್ದನ್ನು ಹಾಗೇ ಕೂಗುವ ಹಕ್ಕಿಗಳಿರುತ್ತವೆ. ಮಗಳ ಸಿಳ್ಳೆ ವಾರದಿಂದ ಕೇಳಿ ಕಲಿತಿರಬೇಕು. ಇಂಥದ್ದಕ್ಕೆಲ್ಲ ಬೆಚ್ಚುವವರು ಬೇರೆ.

ಊಟ ಸೇರಲಿಲ್ಲ. ಬಿಸಿಲಿಗೆ.

ಫೆಬ್ರವರಿ 14

ಪೊಟ್ಟಣಗಳನ್ನು ಕೊಟ್ಟೆ. ಒಬ್ಬರೇ ಹತ್ತಿದ್ದಕ್ಕೆ ಬೈದಳು. ಬೈಯುತ್ತ ಬೈಯುತ್ತ ಎಣಿಸಿದಳು. ಹದಿನೇಳರ ಹರಳು ಮಾತ್ರ ಆಗಲೇ ನಸುಗೆಂಪಾಗಿತ್ತು. ಬಾಯಿ ಸರಿಯಾಗಿ ಒತ್ತಿಲ್ಲ ನೀವು ಎಂದಳು. ಒತ್ತಿದ್ದೆ.

ಮಾರ್ಚ್ 12, ಬುಧವಾರ

ಎಲೆ ಕಿತ್ತು ಮುಗಿದು ಎರಡು ವಾರದ ಮೇಲಾಯಿತು. ಇವತ್ತು ಮಗಳು ಪ್ರಯೋಗಾಲಯಕ್ಕೆ ಕರೆದೊಯ್ದು ತೋರಿಸಿದಳು. ಉದ್ದ ಓಣಿ, ಎರಡೂ ಕಡೆ ಬಾಗಿಲು, ನೆಲಕ್ಕೆ ಆಸ್ಪತ್ರೆಯ ವಾಸನೆ. ಒಂದು ಫ್ರಿಜ್ಜಿನ ಬಾಗಿಲು ತೆರೆದರೆ ಹೆಪ್ಪುಗಟ್ಟಿದ ಹೊಗೆ. ಅದರೊಳಗೆ ಬೆರಳುಗುರಿನ ಗಾತ್ರದ ನಳಿಕೆಗಳಲ್ಲಿ ನನ್ನ ನಲವತ್ತು ಮರಗಳು ಕುಳಿತಿವೆ. ಮುಂದಿನ ಮೇಜಿನ ಹೆಂಗಸಿಗೆ ಈ ಫ್ರಿಜ್ಜನ್ನು ಇಲ್ಲಿಗೆ ತರಿಸಿದ್ದೇ ನಾನು ಎಂದೆ. ಆಕೆ ನಂಬಿ ಎದ್ದು ಕುರ್ಚಿ ಕೊಟ್ಟಳು.

ಸಂಖ್ಯೆ ಬಂದಿದೆ. ನೂರಕ್ಕೆ ನಾಲ್ಕು.

ಐದಕ್ಕಿಂತ ಕಡಿಮೆ. ಒಂದೇ ಕಾಡು. ಮುಳುಗುತ್ತದೆ.

ಮಗಳು ಕಂಪ್ಯೂಟರಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಸಮಾಧಾನ ಮಾಡಿದೆ. ಮರ ಎಂದ ಮೇಲೆ ಮರವೇ, ನೀರು ಎಂದ ಮೇಲೆ ನೀರೇ, ಇದರಲ್ಲಿ ನಾವು ಮಾಡುವುದೇನಿದೆ ಎಂದೆ. ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತು ನಿದ್ದೆ ಹೋದೆ. ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ. ಆ ತಗ್ಗಿನ ಮೇಲೆ ನೀರು ತುಂಬಿ, ನೀರಿನ ಮೇಲೆ ಬಿಸಿಲು ಬಿದ್ದು, ಕೆಳಗೆ ಏನಿತ್ತು ಎಂದು ಯಾರಿಗೂ ಗೊತ್ತಿಲ್ಲದ ಹಾಗೆ ಕನಸು. ಕಂಡಕ್ಟರು ಭುಜ ಅಲುಗಿಸಿ ಎಬ್ಬಿಸಿದ. ಸಿಳ್ಳೆ ಹಾಕಬೇಡಿ ಸ್ವಾಮಿ, ಡ್ರೈವರು ಗಾಡಿ ನಿಲ್ಲಿಸ್ತಾನೆ ಎಂದ.

ನಾನು ಹಾಕಿರಲಿಲ್ಲ. ಹಾಕಿದ ನೆನಪಿಲ್ಲ.

ಮಾರ್ಚ್ 14, ಶುಕ್ರವಾರ

ಮಗಳು ಸೋಲುವ ಪೈಕಿ ಅಲ್ಲ. ಅದೊಂದು ನನ್ನ ಗುಣ ಬಂದಿದೆ.

ಮಧ್ಯಾಹ್ನ ಬಂದವಳು, ದೊಡ್ಡಮ್ಮನ ಗುಂಡಿ ಡಬ್ಬಿಗಳನ್ನು ಕೊಡಿ ಎಂದಳು. ಮನೆಯವಳು ಹೊಲಿಗೆಗೆ ಇಟ್ಟುಕೊಂಡ ಎರಡು ತಗಡಿನ ಡಬ್ಬಿಗಳು. ಒಂದರಲ್ಲಿ ಅಂಗಿಯವು, ಇನ್ನೊಂದರಲ್ಲಿ ಕೋಟಿನವು. ಒಂದರಲ್ಲಿರುವ ಬಗೆ ಇನ್ನೊಂದರಲ್ಲಿಲ್ಲ. ಮಿಷನ್ನಿನ ಪಕ್ಕ ನೆಲದ ಮೇಲೆ ಕೂತೆವು.

"ಕಣ್ಮುಚ್ಚಿ ಒಂದೇ ಡಬ್ಬಿಯಿಂದ ಎರಡು ತೆಗೀರಿ ದೊಡ್ಡಪ್ಪ," ಎಂದಳು.

ತೆಗೆದೆ. ಒಂದು ಬಿಳಿ, ಒಂದು ನೀಲಿ. ಮತ್ತೆ ತೆಗೆದೆ. ಬೇರೆ. ಹತ್ತು ಸಲ ತೆಗೆದರೆ ಒಮ್ಮೆ ಮಾತ್ರ ಒಂದೇ ಥರದ್ದು ಬಂತು. ನಾನು ಕಣ್ಣು ಸ್ವಲ್ಪ ತೆರೆದಿದ್ದೆ, ಅದು ಬೇರೆ ವಿಷಯ.

"ಈಗ ಆ ಡಬ್ಬಿಯಿಂದ ಒಂದು, ಈ ಡಬ್ಬಿಯಿಂದ ಒಂದು."

ಅಂಗಿಯದು, ಕೋಟಿನದು. ಎಷ್ಟು ಸಲ ತೆಗೆದರೂ ಬೇರೆಯೇ.

ನೂರಕ್ಕೆ ನಾಲ್ಕು ಎಂದ ಇಲಾಖೆಯ ಹಳೆಯ ಅಳತೆ ಕೇಳುವುದು ಇಷ್ಟನ್ನೇ ಎಂದು ಬಿಡಿಸಿ ಹೇಳಿದಳು. ಒಂದೇ ಡಬ್ಬಿಯೊಳಗೆ ಗುಂಡಿಗಳು ಬೇರೆ ಬರುವುದು ಎಷ್ಟು ಸಲ, ಎರಡನ್ನೂ ಸುರಿದು ಬೆರೆಸಿದರೆ ಎಷ್ಟು ಸಲ, ಈ ಎರಡರ ನಡುವೆ ಅಂತರ ಎಷ್ಟು. ಡಬ್ಬಿಯೊಳಗೇ ಬಗೆಗಳು ಹೆಚ್ಚಿದ್ದರೆ ಮೊದಲನೆಯದೂ ಹೆಚ್ಚುಕಡಿಮೆ ಯಾವಾಗಲೂ ಬೇರೆ, ಎರಡನೆಯದೂ ಹೆಚ್ಚುಕಡಿಮೆ ಯಾವಾಗಲೂ ಬೇರೆ. ನಡುವೆ ಉಗುರಿನಷ್ಟು ಅಂತರ. ಆ ಉಗುರೇ ನೂರಕ್ಕೆ ನಾಲ್ಕು. ಅಂಗಿಯ ಗುಂಡಿಗೂ ಕೋಟಿನ ಗುಂಡಿಗೂ ಸಂಬಂಧವೇ ಇಲ್ಲದಿದ್ದರೂ ಆ ಅಳತೆ ಎರಡೂ ಡಬ್ಬಿ ಒಂದೇ ಎಂದುಬಿಡುತ್ತದೆ. ಬಿಳಿತೊಗಟೆ ಮರಗಳ ಒಳಗೆ ಬಗೆಗಳು ಬಹಳ. ಹಾಗಾಗಿ ಈ ಅಳತೆ ಮೋಸ ಮಾಡುತ್ತದೆ. ಒಳಗಿನ ಬಗೆಗಳನ್ನು ಬದಿಗಿಟ್ಟು, ಎರಡು ಕಾಡೂ ಹಂಚಿಕೊಂಡದ್ದೆಷ್ಟು, ಹಂಚಿಕೊಳ್ಳದ್ದೆಷ್ಟು ಎಂದು ಕೇಳುವ ಇನ್ನೊಂದು ಅಳತೆ ಇದೆಯಂತೆ. ಅದನ್ನು ಹಾಕಿದರೆ ನೂರಕ್ಕೆ ಅರವತ್ತರ ಸುಮಾರು ಬರುತ್ತದೆ ಎಂದಳು.

ಅಂದರೆ ಬೇರೆ ಕಾಡು. ಅಂದರೆ ಮುಳುಗುವುದಿಲ್ಲ.

ಗುಂಡಿಗಳನ್ನು ಮತ್ತೆ ಡಬ್ಬಿಗೆ ತುಂಬಿದೆ. ಮನೆಯವಳು ಒಂದು ಕೋಟಿನ ಗುಂಡಿ ಕಡಿಮೆ ಇದೆ ಎಂದು ನನ್ನ ಜೇಬು ಮುಟ್ಟಿದಳು. ಇತ್ತು.

ನಮ್ಮಿಬ್ಬರನ್ನೂ, ನನ್ನನ್ನೂ ತಮ್ಮನನ್ನೂ, ಒಂದೇ ಅಚ್ಚು ಎನ್ನುತ್ತಿದ್ದರು ಜನ. ಅದೇ ಮೂಗು, ಅದೇ ಕಾಲು, ಹಗ್ಗ ಹೆಗಲಿಗೆ ಹಾಕಿಕೊಳ್ಳುವ ರೀತಿಯೂ ಅದೇ. ಯಾವ ಅಳತೆ ಹಿಡಿದು ಹೇಳಿದರೋ. ಅವನು ಗಂಟನ್ನು ಎಡಗೈಯಲ್ಲಿ ಹಾಕುತ್ತಿದ್ದ. ಒಂದು ಸುತ್ತು ಮರೆಯುತ್ತಿದ್ದ. ನೋಡಿ ಹೇಳಿದರೆ ಸರಿ ಮಾಡಿಕೊಳ್ಳುತ್ತಿದ್ದ.

ಆ ಪಂದ್ಯದಲ್ಲಿ ಹೋದದ್ದು ಒಂದು ಜೊತೆ ಎತ್ತಿನ ಬೆಲೆ. ಮನೆಯ ಬೆಲೆ ಎಂದು ಮೊದಲ ದಿನ ಬರೆದದ್ದು ಕೈತಪ್ಪು.

ಮಾರ್ಚ್ 19, ಬುಧವಾರ

ಚಪ್ಪಲಿ ಬಿಟ್ಟು ಒಳಗೆ ಬಂದಳು. ಕುಡಿಯಲು ನೀರು ಕೇಳಿದಳು. ಕುಡಿಯಲಿಲ್ಲ.

"ದೊಡ್ಡಪ್ಪ, ಹದಿನಾರು ಹದಿನೇಳು ಒಂದೇ ಮರ."

ಅವಳಿ ಇರಬಹುದು ಎಂದೆ.

"ಬೇರಿಂದ ಚಿಗುರೋ ಜಾತಿ ಆಗಿದ್ರೆ ಇರಬಹುದಿತ್ತು. ಇದು ಬೀಜದ ಮರ. ಒಡಹುಟ್ಟಿದ ಮರಗಳಲ್ಲೂ ಎಲ್ಲೋ ಒಂದು ಕಡೆ ವ್ಯತ್ಯಾಸ ಬರತ್ತೆ. ನಾವು ಹನ್ನೆರಡು ಜಾಗ ನೋಡ್ತೀವಿ. ಹನ್ನೆರಡೂ ಒಂದೇ."

ಹಾಗಾದರೆ ಪೊಟ್ಟಣ ಅದಲುಬದಲಾಗಿರಬೇಕು ಎಂದೆ. ಅದಲುಬದಲಾದರೆ ಹೆಸರು ತಿರುಗುಮುರುಗಾಗುತ್ತದೆ, ಮರ ಒಂದಾಗುವುದಿಲ್ಲ ಎಂದಳು. ಗಾಳಿಗೆ ಎಲೆ ಹಾರಿ ಬಂದಿರಬೇಕು ಎಂದೆ. ನನ್ನ ಕಡೆ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಬೈಗುಳಕ್ಕೆ ಉತ್ತರ ಕೊಡುವುದರಲ್ಲಿ ಪಳಗಿದವನು.

"ಅಲ್ಲೇನಿದೆ ದೊಡ್ಡಪ್ಪ?" ಎಂದಳು.

ಏನಿರುತ್ತದೆ, ಇರುವೆ ಗೂಡು ಎಂದೆ.

ಮಾರ್ಚ್ 21

ಅವಳ ಮೇಲಿನವರು, ಹಿರಿಯ ಮೇಡಂ, ನನ್ನನ್ನು ಕರೆಸಿದ್ದರು. ತಲೆಯೆಲ್ಲ ಬೆಳ್ಳಗಾದ, ಮಾತು ಕಡಿಮೆಯ ಹೆಂಗಸು. ಮೇಜಿನ ಮೇಲೆ ಒಂದು ಕಾಗದವೂ ಇಲ್ಲ. ಈ ಪ್ರಯೋಗಾಲಯ ಕಟ್ಟುವಾಗ ಅಡಿಗಲ್ಲು ಇಟ್ಟವನು ನಾನೇ ಎಂದು ಶುರುಮಾಡಿದೆ. ಅವರು ಕೈ ಎತ್ತಿದರು. ನಿಲ್ಲಿಸಿದೆ.

ಒಂದು ಪೊಟ್ಟಣ ಸುಳ್ಳು ಹೇಳಿದರೆ ಉಳಿದ ಮೂವತ್ತೊಂಬತ್ತನ್ನು ನಾನು ಯಾಕೆ ನಂಬಬೇಕು ಎಂದು ಕೇಳಿದರು. ಕೆಳಗಿನ ಕಾಡಿನ ಎಲೆ ಅಷ್ಟನ್ನೂ ಕಸಕ್ಕೆ ಹಾಕಬೇಕಾಗುತ್ತದೆ. ಹಾಕಿದರೆ ಹೊಸ ಅಳತೆಗೆ ಹಾಕಲು ಏನೂ ಉಳಿಯುವುದಿಲ್ಲ. ಇಲಾಖೆಯವರು ಮೊದಲು ಬಂದ ನೂರಕ್ಕೆ ನಾಲ್ಕನ್ನು ಹಿಡಿದು ಏರಿ ಕಟ್ಟುತ್ತಾರೆ.

ಒಂದೇ ದಾರಿ ಎಂದರು. ಚೀಟಿ ಎತ್ತಿ ಐದು ಮರ, ಅದರ ಜೊತೆಗೆ ಹದಿನೇಳು. ಅವೆಲ್ಲವನ್ನೂ ಮತ್ತೆ ಹತ್ತಬೇಕು, ಅವರ ಕಣ್ಣೆದುರೇ. ಐದೂ ಮೊದಲಿನ ಪೊಟ್ಟಣಕ್ಕೆ ಹೊಂದಿದರೆ ಉಳಿದದ್ದನ್ನು ನಂಬುತ್ತಾರೆ.

"ಇವರೇ ಹತ್ತಬೇಕು," ಎಂದರು ಮಗಳಿಗೆ. "ನಂಬಿಕೆ ಹೋಗಿರೋದು ಇವರ ಕೈ ಮೇಲೆ."

ಮಾರ್ಚ್ 22, ಶನಿವಾರ

ಬೆನ್ನು ನೋವು ಎಂದರೆ ಸಾಕು. ಅರವತ್ತು ದಾಟಿದವನ ಬೆನ್ನನ್ನು ಯಾರು ಅಲ್ಲಗಳೆಯುತ್ತಾರೆ. ಎಲೆ ಕಸಕ್ಕೆ, ಕಾಡು ನೀರಿಗೆ. ನನಗೆ ಬೇಕಾಗಿದ್ದೂ ಅದೇ. ಬರೆದುಬಿಟ್ಟೆ, ಈಗ ಬರೆದದ್ದನ್ನು ನೋಡುತ್ತಿದ್ದೇನೆ.

ಮಗಳಿಗೆ ಫೋನು ಮಾಡಿ ಬೆನ್ನಿನ ವಿಷಯ ಹೇಳಬೇಕೆಂದು ಕೈಗೆತ್ತಿಕೊಂಡೆ. ಮನೆಯವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿಮ್ಮ ತಮ್ಮ ಹೋದ ಮೇಲೆ ನೀವು ಸಿಳ್ಳೆ ಹಾಕಿದ್ದನ್ನೇ ನಾನು ಕೇಳಿರಲಿಲ್ಲ. ಈಗ ದಿನಾ ನಿದ್ದೇಲಿ ಹಾಕ್ತೀರಿ."

ಎಷ್ಟು ಸಲ ಎಂದು ಕೇಳಿದೆ.

"ಒಂದೇ. ಯಾರಿಗೋ ಉತ್ತರ ಕೊಡೋ ಹಾಗೆ."

ಫೋನು ಕೆಳಗಿಟ್ಟೆ. ಅವಳ ಸೂಜಿಗೆ ದಾರ ಪೋಣಿಸಿಕೊಟ್ಟೆ. ಒಂದೇ ಏಟಿಗೆ ಪೋಣಿಸಿದೆ, ಅದನ್ನು ಅವಳು ಒಪ್ಪುವುದಿಲ್ಲ.

ಪಂದ್ಯದಲ್ಲಿ ಹೋದದ್ದು ಎತ್ತಿನ ಬೆಲೆಯೂ ಅಲ್ಲ. ಒಂದು ಹಳೆಯ ಸೈಕಲ್ಲಿನ ಬೆಲೆ, ಅಷ್ಟೇ.

ಮಾರ್ಚ್ 24

ಬೆನ್ನು ಸರಿ ಇದೆ.

ಮಾರ್ಚ್ 26, ಬುಧವಾರ

ಚೀಟಿಯಲ್ಲಿ ಬಂದದ್ದು ಮೂರು, ಒಂಬತ್ತು, ಇಪ್ಪತ್ತೆರಡು, ಮೂವತ್ತು, ಮೂವತ್ತೆಂಟು. ಹಿರಿಯ ಮೇಡಂ ಕೊಡೆ ಬಿಚ್ಚಿ ಮಡಿಸುವ ಕುರ್ಚಿಯ ಮೇಲೆ ಕೂತರು. ಐದೂ ಮರ ಹತ್ತಿ ಇಳಿದೆ. ಪ್ರತಿ ಸಲ ಮಗಳು ಗಂಟು ನೋಡಿ ಉತ್ತರ ಕೊಟ್ಟಳು. ಪ್ರತಿ ಸಲ ಅದು ಒಂದೇ ಉತ್ತರವಾಗಿತ್ತು, ಎರಡಾಗಲಿಲ್ಲ. ನಾನು ಕಾಯುತ್ತಿದ್ದೆ ಎಂದಲ್ಲ.

ಹದಿನೇಳರ ಬುಡಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಬಿಲ್ಲೆ ಸುಮ್ಮನಿತ್ತು. ಕವಣೆಯಿಂದ ದಾರ ಹಾರಿಸಿದೆ, ಮೊದಲ ಸಲಕ್ಕೇ ಕವಲಿಗೆ ಬಿತ್ತು. ಹಗ್ಗ ಎಳೆದು, ಸೊಂಟಕ್ಕೆ ಗಂಟು ಹಾಕಿದೆ. ಬಿಚ್ಚಿದೆ. ಮತ್ತೆ ಹಾಕಿದೆ.

"ಗಂಟು ನೋಡು," ಎಂದೆ ಮಗಳಿಗೆ.

"ನೋಡ್ದೆ ದೊಡ್ಡಪ್ಪ."

"ಮುಟ್ಟಿ ನೋಡು. ಎಳೆದು ನೋಡು. ನೋಡದೆ ಉತ್ತರ ಕೊಡಬಾರದು."

ಎಳೆದು ನೋಡಿದಳು. ನಾನು ಸಿಳ್ಳೆ ಹಾಕಿದೆ, ಎರಡನೇ ಸಲಕ್ಕೆ ಬಂತು. ಅವಳು ಉತ್ತರ ಕೊಟ್ಟಳು. ಹತ್ತಿದೆ.

ಬೇರೆ ಮರಗಳ ಹಾಗೆಯೇ ಮರ. ತೊಗಟೆ ಬಿಳಿ, ಕೈಗೆ ಹಿಟ್ಟು ಹತ್ತುತ್ತದೆ. ಅರ್ಧದಲ್ಲಿ ಉಸಿರಿಗೆ ನಿಂತೆ. ಪಕ್ಕದ ಹದಿನಾರು ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದರ ಯಾವ ಕೊಂಬೆಯ ಮೇಲೆ ನಾನು ಕಾಲು ಊರಿದ್ದೆ ಎಂದು ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಆವತ್ತು ನನ್ನನ್ನು ನೋಡುತ್ತಲೇ ತಮ್ಮ ಮೇಲೆ ಹೋಗಿದ್ದಾನೆ.

ತುದಿಯ ಕವಲಿನಲ್ಲಿ ಅವನು ಹಗ್ಗ ಸಿಕ್ಕಿಸಲು ಹಾಕಿದ ಕೊಕ್ಕೆ ಇನ್ನೂ ಇದೆ. ತೊಗಟೆ ಅದನ್ನು ನುಂಗಿಕೊಂಡು ಬೆಳೆದಿದೆ. ಕಬ್ಬಿಣದ ಬಾಗಿದ ಬೆನ್ನು ಮಾತ್ರ ಹೊರಗೆ. ಮುಟ್ಟಿದೆ. ತಣ್ಣಗಿರಲಿಲ್ಲ, ಬಿಸಿಲಿಗೆ ಕಾದಿತ್ತು. ಎಳೆ ಎಲೆ ಒಂದು ಹಿಡಿ ಕಿತ್ತು ಚೀಲಕ್ಕೆ ಹಾಕಿ ಎರಡು ಸಿಳ್ಳೆ ಹಾಕಿದೆ, ಇಳಿಯುತ್ತೇನೆ ಎಂದು.

ಕೆಳಗಿನಿಂದ ಮಗಳ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು ಬಂತು. ಕೆಳಗಿನಿಂದಲ್ಲ. ನನ್ನ ತಲೆಯ ಮೇಲೆ ಕೊಂಬೆ ಇರಲಿಲ್ಲ, ಹಕ್ಕಿಯೂ ಇರಲಿಲ್ಲ.

ಕೈ ಬಿಡಲಿಲ್ಲ. ಇಷ್ಟು ವರ್ಷ ಅದು ಬಂದರೆ ಕೈ ಬಿಟ್ಟುಹೋಗುತ್ತದೆ ಎಂದು ತಿಳಿದಿದ್ದೆ. ಇಳಿದೆ, ಒಂದೊಂದೇ ಕಾಲು.

ಮೇಡಂ ಕುರ್ಚಿ ಮಡಿಸಿಕೊಂಡು ಗಾಡಿಯ ಕಡೆ ಹೋಗಿದ್ದರು. ಮಗಳು ಎಲೆಯನ್ನು ಪೊಟ್ಟಣಕ್ಕೆ ಹಾಕುತ್ತ, ನನ್ನನ್ನು ನೋಡದೆ ಕೇಳಿದಳು: "ಅಪ್ಪ ಬಿದ್ದಿದ್ದು ಇದೇ ಮರಾನಾ?"

ಇದೇ ಎಂದೆ.

"ಆವತ್ತು ಕೆಳಗೆ ಯಾರು ನಿಂತಿದ್ರು?"

"ಯಾರೂ ಇರಲಿಲ್ಲ. ಯಾರು ಮೊದಲು ತುದಿ ಮುಟ್ಟೋದು ಅಂತ ಪಂದ್ಯ. ನಾನು ಮೋಸ ಮಾಡಿ ಮೊದಲೇ ಹತ್ತೋಕೆ ಶುರುಮಾಡಿದ್ದೆ, ಆ ಹದಿನಾರನ್ನ. ಅವನು ನೆಲದ ಮೇಲಿಂದ ಸಿಳ್ಳೆ ಹಾಕ್ದ. ನಾನು ಗಂಟು ನೋಡದೆ ಮೇಲಿಂದಲೇ ಉತ್ತರ ಕೊಟ್ಟೆ."

"ಹಗ್ಗ ಹರೀತು ಅಂದಿದ್ರಿ."

"ಹಗ್ಗ ಹರೀಲಿಲ್ಲ ಮಗಳೇ."

ಪೊಟ್ಟಣದ ಬಾಯಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಮೇಲೆ ಹದಿನೇಳು ಎಂದು ಬರೆದಳು, ನೇರವಾದ ಅಕ್ಷರದಲ್ಲಿ. ಆಮೇಲೆ, "ಹಗ್ಗ ಸುತ್ತಿಕೊಳ್ಳಿ ದೊಡ್ಡಪ್ಪ," ಎಂದಳು.

ಸುತ್ತಿಕೊಂಡೆ. ಗಾಡಿಯವರೆಗೂ ಅವಳು ಮುಂದೆ, ನಾನು ಹಿಂದೆ. ನಡುವೆ ಒಂದು ಕಡೆ ದಾರಿ ಜಾರುತ್ತಿತ್ತು. ಹಿಂದೆ ತಿರುಗದೆ ಕೈ ಚಾಚಿದಳು.

ಏಪ್ರಿಲ್ 3

ಹರಳು ನೀಲಿಯಾಗಿಯೇ ಇದೆಯೇ ಎಂದು ಫೋನಿನಲ್ಲಿ ಕೇಳಿದೆ. ಇದೆ ಎಂದಳು. ಫೋನು ಇಟ್ಟುಬಿಡಲಿಲ್ಲ.

ಏಪ್ರಿಲ್ 9, ಬುಧವಾರ

ಐದಕ್ಕೆ ಐದೂ ಹೊಂದಿದವು. ಹದಿನೇಳು ಹದಿನೇಳೇ, ಯಾರಂತೆಯೂ ಇಲ್ಲ. ಅಷ್ಟೇ ಅಲ್ಲ, ಅದರಲ್ಲಿ ಒಂದು ಬಗೆ ಇದೆಯಂತೆ, ಎರಡೂ ಕಾಡಿನ ಬೇರೆ ಯಾವ ಮರದಲ್ಲೂ ಸಿಗದಂಥದು. ಅದನ್ನು ಹತ್ತದಿದ್ದರೆ ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದಳು.

ನೀರಿನ ಇಲಾಖೆಯ ಕೋಣೆಯಲ್ಲಿ ಉದ್ದ ಮೇಜು, ನಡುವೆ ನೀರಿನ ಬಾಟಲಿಗಳು. ಮಗಳು ಎರಡು ಗುಂಡಿ ಡಬ್ಬಿ ಹೊರತೆಗೆದಳು. ಇಂಜಿನಿಯರು ಕಣ್ಣು ಮುಚ್ಚಿ ಗುಂಡಿ ತೆಗೆದ, ಮತ್ತೆ ತೆಗೆದ, ಆಮೇಲೆ ತಾನೇ ನಕ್ಕ. ಡಬ್ಬಿ ನಮ್ಮ ಮನೆಯವು ಎಂದು ಹಿಂದಿನ ಸಾಲಿನಿಂದ ಹೇಳಿದೆ. ಆ ಅಳತೆ ಕಂಡುಹಿಡಿದದ್ದೂ ನಾನೇ ಎನ್ನಬೇಕೆಂದಿದ್ದೆ. ಮಗಳು ತಿರುಗಿ ನೋಡಿದಳು. ಅರ್ಧ ಪಾಲು ಎಂದುಕೊಂಡೆ, ಮನಸ್ಸಿನಲ್ಲೇ.

ಹಳೆಯ ಅಳತೆಗೆ ನೂರಕ್ಕೆ ನಾಲ್ಕು. ಹೊಸದಕ್ಕೆ ನೂರಕ್ಕೆ ಅರವತ್ತೊಂದು. ಎರಡನ್ನೂ ಪಕ್ಕಪಕ್ಕ ಬರೆದುಕೊಟ್ಟಳು, ಯಾವುದನ್ನೂ ಮುಚ್ಚಿಡದೆ. ಇಲಾಖೆಯವರು ಹೊಸ ಅಳತೆಯನ್ನೇ ಒಪ್ಪಿದರು, ಏರಿಯನ್ನು ಕಲ್ಲುನೆಲದ ಕಡೆ ಸರಿಸುತ್ತಾರೆ.

ಮುಳುಗುವುದಿಲ್ಲ. ಅಲ್ಲೇ ಇರುತ್ತದೆ. ನಾನಿರುವವರೆಗೂ, ಆಮೇಲೂ.

ಏಪ್ರಿಲ್ 11, ಶುಕ್ರವಾರ

ಇವತ್ತು ಒಬ್ಬನೇ ಆ ಕಡೆ ಹೋಗಿದ್ದೆ. ಹತ್ತಲಿಲ್ಲ, ಸಿಳ್ಳೆಯೂ ಹಾಕಲಿಲ್ಲ. ಹದಿನೇಳರ ಬುಡದಲ್ಲಿ ಕೂತು ಬಂದೆ. ಬಿಲ್ಲೆ ಟಿಕ್ ಎಂದಿತು. ಇರಲಿ ಎಂದೆ.

ಕಾಡಿನ ತಿರುವಿನ ಚಹಾ ಅಂಗಡಿಯಲ್ಲಿ ಎರಡು ಲೋಟ ಹೇಳಿದೆ. ಇನ್ನೊಂದು ಯಾರಿಗೆ ಎಂದ ಅಂಗಡಿಯವನು. ಬರುತ್ತಾನೆ, ಇಡು ಎಂದೆ. ನನ್ನದು ಕುಡಿದು, ಎರಡಕ್ಕೂ ದುಡ್ಡು ಕೊಟ್ಟೆ. ಇನ್ನೊಂದರ ಮೇಲೆ ಕೆನೆ ಕಟ್ಟುವವರೆಗೆ ಕೂತಿದ್ದೆ.

ಮನೆಯೂ ಅಲ್ಲ, ಎತ್ತೂ ಅಲ್ಲ, ಸೈಕಲ್ಲೂ ಅಲ್ಲ. ಸೋತವನು ಗೆದ್ದವನಿಗೆ ಚಹಾ ಕೊಡಿಸಬೇಕು ಎಂಬುದೇ ಪಂದ್ಯ. ನಾನು ಮೊದಲೇ ಹೊರಟಿದ್ದರೂ ತುದಿ ಮೊದಲು ಮುಟ್ಟಿದವನು ಅವನು. ನಾನು ಸೋತದ್ದು ಒಂದು ಲೋಟ ಚಹಾದ ದುಡ್ಡು.